ಸಕ್ಕರೆ ಇಲ್ಲದ ಚಹಾ ಮತ್ತು ನನ್ನ ವೃತ್ತಿಧರ್ಮ

ಬಾಯಿ ಮುಚ್ಚಿಕೊಂಡಿರುವುದೂ ಒಂದು ಉದ್ಯೋಗ ಎಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ನಾನು ಕಲಬುರಗಿಯ ಜಗತ್ ವೃತ್ತದ ಹತ್ತಿರ, ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತುಕೊಳ್ಳುವ ಕುಟುಂಬ ಆಪ್ತಸಮಾಲೋಚಕಿ. ಗಂಡ-ಹೆಂಡತಿ, ಅತ್ತೆ-ಸೊಸೆ, ಅಪ್ಪ-ಮಗ ಯಾರೇ ಬರಲಿ, ಕೂಡಿಸಿ, ಚಹಾ ಕೊಟ್ಟು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಂತೆ ಮಾಡುವುದು ನನ್ನ ಕೆಲಸ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಬಂದವರ ಗುಟ್ಟು ಹೊರಗೆ ಹೋಗಬಾರದು. ಅವರು ಬಂದಿದ್ದರು ಎಂಬುದೂ ಹೋಗಬಾರದು. ಜೀವಕ್ಕೆ ಅಪಾಯವಿದ್ದರೆ, ಮಕ್ಕಳಿಗೆ ಹಿಂಸೆಯಾಗುತ್ತಿದ್ದರೆ, ನ್ಯಾಯಾಲಯ ಆದೇಶಿಸಿದರೆ ಬಾಯಿ ಬಿಡಬೇಕಾಗುತ್ತದೆ. ಸೋದರತ್ತೆ ಕೇಳಿದರೆ ಬಿಡಬೇಕೆಂದು ನಾನು ಓದಿದ ಯಾವ ಕಾನೂನಿನಲ್ಲೂ ಇಲ್ಲ.

ನನ್ನ ಸೋದರತ್ತೆ ನೀಲವ್ವ ಇರುವುದು ಕಮಲಾಪುರದಲ್ಲಿ. ಎದುರಿಗೆ ಬಂದವರನ್ನು "ನೀವು ಯಾರ ಪೈಕಿ?" ಎಂದು ಕೇಳಿ, ಅವರು ನೀರು ಕುಡಿದು ಲೋಟ ಕೆಳಗಿಡುವುದರೊಳಗೆ ಯಾವುದಾದರೂ ಬೀಗತನ ಹುಡುಕಿ ತೆಗೆಯುವ ಹೆಂಗಸು. ನನ್ನನ್ನು ಕಂಡರೆ ಅವಳದು ಒಂದೇ ಪ್ರಶ್ನೆ: "ಈ ವಾರ ಯಾರ್‍ಯಾರು ಬಂದಿದ್ರವಾ?" ಹೇಳುವುದಿಲ್ಲ ಎಂದರೆ, "ನಾ ಏನ್ ಡಂಗುರ ಹೊಡಿತೀನೇನ?" ಎಂದು ಮುನಿಸಿಕೊಳ್ಳುತ್ತಾಳೆ. ಡಂಗುರದವನೇ ಅವಳ ಹತ್ತಿರ ಸುದ್ದಿ ಕೇಳಿಕೊಂಡು ಹೋಗಬೇಕು ಎಂಬುದು ನನ್ನ ಖಾಸಗಿ ಅಭಿಪ್ರಾಯ.

ಇಂಥ ಅತ್ತೆಯ ಓಣಿಯಿಂದಲೇ ಒಂದು ಜೋಡಿ ನನ್ನ ಕೋಣೆಗೆ ಬರತೊಡಗಿತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬದಲಿಸುತ್ತೇನೆ ಎಂದಾಗ ಗಂಡ, "ಬಸವರಾಜ ಅಂತ ಇಡ್ರಿ, ನಮ್ಮ ಊರಾಗ ಓಣಿಗೆ ಹತ್ತು ಮಂದಿ ಅದಾರ" ಎಂದ. ಹೆಂಡತಿ ತಾನಾಗಿಯೇ ಸಂಗೀತಾ ಎಂಬ ಹೆಸರು ಆರಿಸಿಕೊಂಡಳು. ಬಸವರಾಜನಿಗೆ ಕೆಂಪು ಬಾಳೆಯ ತೋಟವಿದೆ. ಇಬ್ಬರೂ ಕಮಲಾಪುರದಿಂದ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬರುತ್ತಿದ್ದರು. ಯಾರಾದರೂ ಕಂಡರೆ ನೆಪಕ್ಕಿರಲಿ ಎಂದು ಕೆಳಗಿನ ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಕೊಂಡು ಮೆಟ್ಟಿಲು ಹತ್ತುತ್ತಿದ್ದರು. ನನ್ನ ಹತ್ತಿರ ಬರುವವರೆಲ್ಲರದೂ ಅದೇ ಉಪಾಯ. ಅಂಗಡಿಯವನು ನನಗೆ ಬಾಡಿಗೆಯಲ್ಲಿ ಸ್ವಲ್ಪ ಬಿಡಬೇಕಿತ್ತು, ಇನ್ನೂ ಬಿಟ್ಟಿಲ್ಲ.

ಮನೆಯಲ್ಲಿ ತಿಳಿದರೆ ಮುಗಿಯಿತು, ಎರಡೂ ಕಡೆಯ ಹಿರಿಯರು ಕೂತು ಪಂಚಾಯ್ತಿ ಮಾಡುತ್ತಾರೆ, ಸಂಗೀತಾ ತವರಿಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಇದನ್ನು ಮೊದಲ ದಿನವೇ ಇಬ್ಬರೂ ಹೇಳಿದ್ದರು. ಅವರು ಒಮ್ಮತದಿಂದ ಹೇಳಿದ ಮಾತು ಅದೊಂದೇ. ಉಳಿದದ್ದೆಲ್ಲ ಜಗಳ. ಅವನ ದೊಡ್ಡ ದೂರು ಇದು: "ನಾ ಚಾದಾಗ ಸಕ್ರಿ ಬಿಟ್ಟು ಎಷ್ಟು ದಿನಾ ಆತ್ರಿ! ಈಕಿಗೆ ಖಬರ್ ಇಲ್ಲ. ದಿನಾ ಹಾಕ್ಕೊಂಡ ಬರ್ತಾಳ." ಅವಳು ಗೋಡೆ ನೋಡುತ್ತ, "ಬಾಯಿ ಬಿಟ್ಟು ಹೇಳಿದ್ರ ಗೊತ್ತಾಗ್ತದ" ಎನ್ನುತ್ತಿದ್ದಳು. ನಾನು ಮಾತ್ರ ಅವನಿಗೆ ತಪ್ಪದೆ ಸಕ್ಕರೆ ಇಲ್ಲದ ಚಹಾ ಮಾಡಿಸಿ ಕೊಡುತ್ತಿದ್ದೆ.

ಹೀಗಿರುವಾಗ ಅತ್ತೆಯ ಸೊಸೆಯ ಕುಬಸಕ್ಕೆ ಕಮಲಾಪುರಕ್ಕೆ ಹೋದೆ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊಟವೆಲ್ಲ ಆದ ಮೇಲೆ ಪಡಸಾಲೆಗೆ ಬಂದರೆ, ಓಣಿಯವರ ನಡುವೆ ಬಸವರಾಜ ಮತ್ತು ಸಂಗೀತಾ! ಹೊರಗೆ ಕಂಡಾಗ ನಾವಾಗಿ ಗುರುತು ತೋರಿಸಬಾರದು ಎಂಬುದು ನಮ್ಮ ನಿಯಮ. ನಾನು ನಿಯಮವನ್ನು ಪಾಲಿಸುವುದಷ್ಟೇ ಅಲ್ಲ, ಅಭಿನಯಿಸಿಯೂ ತೋರಿಸಿದೆ. "ನಿಮ್ಮ ಹೆಸರೇನ್ರಿ? ಇದೇ ಊರಾ?" ಎಂದು ಸಂಗೀತಾಳನ್ನು ಕೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೆಸರು ಹೇಳಿದಳು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಆ ಹೆಮ್ಮೆ ಚಹಾ ಬರುವ ತನಕ ಉಳಿಯಿತು. ತಟ್ಟೆ ಹಿಡಿದು ಹಂಚುತ್ತ ಬಂದವಳು ಬಸವರಾಜನ ಮುಂದೆ ನಿಂತೆ. ಕೈ ಅಭ್ಯಾಸವೋ ಬಾಯಿ ಅಭ್ಯಾಸವೋ, ಒಳಗೆ ತಿರುಗಿ ಕೂಗಿಬಿಟ್ಟೆ: "ಇವ್ರಿಗೆ ಸಕ್ರಿ ಹಾಕಲಾರದ್ದು ಒಂದು ಕಪ್ ತರ್‍ರಿ!"

ಬಸವರಾಜನ ತಾಯಿ ನನ್ನನ್ನೂ ಮಗನನ್ನೂ ನೋಡಿದರು. "ಅಲ್ಲವಾ, ನನ್ನ ಮಗ ಸಕ್ರಿ ಬಿಟ್ಟಾನಂತ ನನಗಽ ಗೊತ್ತಿಲ್ಲ, ನಿನಗ ಹ್ಯಾಂಗ ಗೊತ್ತು?" ಸುಳ್ಳು ಹೇಳಲಾರೆ, ನಿಜವನ್ನಂತೂ ಹೇಳುವಂತಿಲ್ಲ. ಓದಿದ್ದ ಯಾವ ಪುಸ್ತಕವೂ ನೆನಪಿಗೆ ಬರಲಿಲ್ಲ. ಒಂದು ಸಂಸಾರವನ್ನು ನನ್ನ ಬಾಯಿಂದಲೇ ಮುರಿದೆನಲ್ಲ ಎಂದು ನಿಜವಾಗಿ ಅಳು ಬಂತು.

ಆಗ ಸಂಗೀತಾ ಎದ್ದು ನಿಂತಳು. "ನಾನಽ ಹೇಳಿದೆರಿ ಅತ್ತಿ, ಈಗ ಅಡಗಿ ಮನ್ಯಾಗ. ಅವ್ರು ಸಕ್ರಿ ಬಿಟ್ಟಾರ. ಮನ್ಯಾಗೂ ಇನ್ನ ಹಾಕಂಗಿಲ್ಲ ನಾ." ಅಷ್ಟು ಹೇಳಿ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ಒಳಗೆ ಹೋದಳು. ಬಸವರಾಜ ಅವಳು ಹೋದ ಬಾಗಿಲನ್ನೇ ನೋಡುತ್ತ ಕೂತ. ಅವನು ಹಾಗೆ ಅವಳ ಕಡೆ ನೋಡಿದ್ದನ್ನು ನನ್ನ ಕೋಣೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಮುಂದಿನ ವಾರ ಬಂದಾಗ ನಾನು ಮೊದಲು ಕ್ಷಮೆ ಕೇಳಿದೆ. ತಪ್ಪು ನನ್ನದು, ಬೇಕಿದ್ದರೆ ಬೇರೆ ಸಮಾಲೋಚಕರ ಹತ್ತಿರ ಕಳಿಸುತ್ತೇನೆ ಎಂದೆ. ಬಸವರಾಜ ಹೌಹಾರಿದ. "ಬ್ಯಾಡ್ರಿ, ಮತ್ತ ಮೊದಲಿಂದ ಜಗಳ ಹೇಳ್ಕೋತ ಕೂಡಬೇಕಾಗ್ತದ." ಆಮೇಲೆ ಮೆಲ್ಲಗೆ, "ಆಕಿ ನನ್ನ ಸಲುವಾಗಿ ಎದ್ದು ನಿಂತಳಲ್ರಿ" ಎಂದ. ಸಂಗೀತಾ ಬಿಡಲಿಲ್ಲ: "ನಿಮ್ಮ ಸಲುವಾಗಿ ಅಲ್ಲ. ಅಕ್ಕೋರ ಮಾರಿ ನೋಡ್ಲಿಕ್ಕೆ ಆಗಲಿಲ್ಲ ನನಗ. ನನ್ನ ಹೆಸರು ಕೇಳಿದಾಗಽ ನಗು ತಡಕೊಂಡಿದ್ದೆ." ಇಬ್ಬರೂ ಒಟ್ಟಿಗೆ ನಕ್ಕರು. ಬಸ್ಸಿನಲ್ಲಿ ಬರುವಾಗಲೂ ಒಂದೇ ಸೀಟಿನಲ್ಲಿ ಕೂತು ನಕ್ಕಿದ್ದರಂತೆ. ತಿಂಗಳುಗಟ್ಟಲೆ ನಾನು ಕಲಿತ ವಿದ್ಯೆಯೆಲ್ಲ ಮಾಡದ್ದನ್ನು ನನ್ನ ಕೆಟ್ಟ ನಟನೆ ಮಾಡಿತ್ತು.

ಕೊನೆಯ ದಿನ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದರು. ಕಾಣಿಕೆ ತೆಗೆದುಕೊಳ್ಳುವಂತಿಲ್ಲ ಎಂದು, ಬಾಯಲ್ಲಿ ನೀರೂರುತ್ತಿದ್ದರೂ ವೃತ್ತಿಧರ್ಮದ ಪಾಠ ಹೇಳಿ ಹಿಂದಕ್ಕೆ ಕಳಿಸಿದೆ.

ಭಾನುವಾರ ನೀಲವ್ವತ್ತೆ ನಮ್ಮ ಮನೆಗೆ ಬಂದಳು. ಚೀಲದಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತೆಗೆದಿಟ್ಟಳು. "ಯಾರು ಕೊಟ್ರು ಅತ್ತಿ?" ಎಂದೆ.

"ಅದು ಹೇಳಂಗಿಲ್ಲವಾ," ಎಂದಳು ಅತ್ತೆ, ಕಾಲು ಚಾಚಿ ಕೂತು. "ಕುಬಸದ ದಿನ ಅಡಗಿ ಮನ್ಯಾಗ ನಾನಽ ಇದ್ದೆ, ಆಕಿ ಒಳಗ ಬಂದಿದ್ದಿಲ್ಲ. ಅವತ್ತಿನಿಂದ ಒಬ್ರಿಗೂ ಹೇಳಿಲ್ಲ, ನಿನಗೂ ಹೇಳಂಗಿಲ್ಲ. ಇನ್ನೊಮ್ಮಿ ನಮ್ಮನಿಗೆ ಬಂದಾಗ ಚಾ ನಾ ಹಂಚ್ತೀನಿ. ನೀ ಸುಮ್ನ ಒಂದು ಕಡೆ ಕೂಡು."

ತವರಿನ ಕಡೆಯಿಂದ ಬಂದದ್ದನ್ನು ಬೇಡ ಎನ್ನಬೇಕೆಂದು ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲ. ಬಾಯಿ ಮುಚ್ಚಿಕೊಂಡಿರಲು ಸುಲಭವಾಗಲಿ ಎಂದು ಒಂದು ಹಣ್ಣು ಸುಲಿದು ಪೂರ್ತಿ ಬಾಯಿಗಿಟ್ಟುಕೊಂಡೆ.