ತಕ್ಕಡಿ ಸಾಹೇಬರ ಮೂಕ ಕೂಗು

"ಈ ಊರಲ್ಲಿ ಮೋಸ ಅನ್ನೋದು ಎರಡೇ ಕಡೆ ಉಳಿದಿರೋದು. ಒಂದು ಅಂಗಡಿಯವರ ತಕ್ಕಡೀಲಿ, ಇನ್ನೊಂದು ನಮ್ಮ ಕ್ಲಬ್ಬಿನ ಬ್ರಿಜ್ ಟೇಬಲ್ಲಲ್ಲಿ. ಮೊದಲನೇದನ್ನ ಆಗಲೇ ಮಟ್ಟ ಹಾಕಿದೀನಿ. ಎರಡನೇದನ್ನ ಈ ವರ್ಷ ಹುಟ್ಟಡಗಿಸ್ತೀನಿ!"

ತಕ್ಕಡಿ ಸಾಹೇಬರು ಈ ಘೋರ ಶಪಥ ಮಾಡಿದ್ದು ಬಚ್ಚಲುಮನೆಯ ಕನ್ನಡಿಯ ಮುಂದೆ, ಅರ್ಧ ಗಡ್ಡ ಹೆರೆದು ಮುಗಿದು ಇನ್ನರ್ಧ ನೊರೆಯಲ್ಲಿ ಮುಳುಗಿರುವಾಗ. ಶಪಥ ಮಾಡುವ ಭರದಲ್ಲಿ ರೇಜರನ್ನೇ ಖಡ್ಗದಂತೆ ಎತ್ತಿದ್ದರಿಂದ ನೊರೆ ಹಾರಿ, ಹೆಂಡತಿ ಒಗೆದು ಮಡಿಚಿಟ್ಟಿದ್ದ ಟವೆಲ್ಲಿನ ಮೇಲೆ ಬಿತ್ತು.

"ಹುಟ್ಟಡಗಿಸೋದು ಆಮೇಲೆ. ಮೊದಲು ಟವೆಲ್ ಒರೆಸಿ" ಎಂದಳು ಹೆಂಡತಿ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ, ತೂಕದ ಕಲ್ಲುಗಳನ್ನು ಪರೀಕ್ಷಿಸಿ, ತಕ್ಕಡಿಯ ತಟ್ಟೆ ಮಗುಚಿ, ಅಡಿಗೆ ಮೇಣ ಅಂಟಿಸಿದ್ದಾರೋ ಎಂದು ಬೆರಳಾಡಿಸಿ ನೋಡಿ, ಎಲ್ಲ ಸರಿಯಿದ್ದರೆ ಸರ್ಕಾರದ ಮುದ್ರೆ ಒತ್ತಿ ಬರುವುದು ಅವರ ಕೆಲಸ. ಹೀಗಾಗಿ ಊರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿತ್ತು. ಅವರಿಗೂ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ. ಪ್ರಪಂಚದಲ್ಲಿ ತೂಗಲಾಗದ್ದು ಯಾವುದೂ ಇಲ್ಲ ಎಂಬುದು ಅವರ ಸಿದ್ಧಾಂತ.

ಅವರ ಹೆಂಡತಿ ಊರಿಗೆಲ್ಲ ಟ್ರಂಕ್ ಅಕ್ಕ. ಆಹಾ, ಅದೆಂಥ ಕಾಲ! ದೂರದೂರಿಗೆ ಫೋನ್ ಮಾಡಬೇಕೆಂದರೆ ಎಕ್ಸ್‌ಚೇಂಜಿಗೆ ಹೇಳಿ, ಟ್ರಂಕ್ ಕಾಲ್ ಬುಕ್ ಮಾಡಿ, ಫೋನಿನ ಪಕ್ಕದಲ್ಲೇ ಊಟಕ್ಕೆ ಕೂತು ಕಾಯಬೇಕಿತ್ತು. ಆಗ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಲೈನ್ ಜೋಡಿಸುತ್ತಿದ್ದವಳು ಈಕೆ. ಆ ಕಡೆಯವರು ಬರೀ "ಹಲೋ" ಎಂದರೆ ಸಾಕು, ಆ ಮನೆಯಲ್ಲಿ ಮಗು ಹುಟ್ಟಿದೆಯೋ, ಯಾರಾದರೂ ತೀರಿಕೊಂಡಿದ್ದಾರೋ, ಗಂಡ ಹೆಂಡಿರು ಮಾತು ಬಿಟ್ಟಿದ್ದಾರೋ ಆಕೆಗೆ ತಿಳಿದುಬಿಡುತ್ತಿತ್ತು. ಅಳುತ್ತಿದ್ದವರಿಗೆ ಸರದಿ ತಪ್ಪಿಸಿ ಮೊದಲು ಲೈನ್ ಕೊಡುತ್ತಿದ್ದಳು. ಆಮೇಲೆ ಆಟೋಮ್ಯಾಟಿಕ್ ಯಂತ್ರ ಬಂತು. ಜನ ತಾವೇ ನಂಬರ್ ತಿರುಗಿಸಿ ಮಾತಾಡತೊಡಗಿದರು. ಆಕೆಯನ್ನು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಫೈಲುಗಳ ನಡುವೆ ಕೂರಿಸಿದರು. ಆಕೆ ಏನೂ ಅನ್ನಲಿಲ್ಲ. ಸಾಹೇಬರೂ ಏನೂ ಕೇಳಲಿಲ್ಲ.

ಮದುವೆಯಾದಾಗಿನಿಂದ ಪ್ರತಿ ಶನಿವಾರ ಸಂಜೆ ಇಬ್ಬರೂ ಕ್ಲಬ್ಬಿಗೆ ಹೋಗಿ ಬ್ರಿಜ್ ಆಡುತ್ತಿದ್ದರು. ಬ್ರಿಜ್ ಎಂದರೆ ಇಸ್ಪೀಟಿನ ಹರಾಜು ಅಂದುಕೊಳ್ಳಿ. ಎದುರುಬದುರು ಕೂತವರು ಜೋಡಿ. ಎಲೆ ಇಳಿಸುವ ಮೊದಲೇ, ಯಾವುದು ತುರುಪು, ಹದಿಮೂರು ಸುತ್ತಿನಲ್ಲಿ ನಾವೆಷ್ಟು ಗೆಲ್ಲುತ್ತೇವೆ ಎಂದು ಕೂಗಬೇಕು. ಮೊದಲ ಆರು ಸುತ್ತು ಲೆಕ್ಕಕ್ಕಿಲ್ಲ, ಒಂದು ಎಂದು ಕೂಗಿದರೆ ಏಳು, ನಾಲ್ಕು ಎಂದರೆ ಹತ್ತು. ಹೆಚ್ಚು ಕೂಗಿ ಗೆಲ್ಲದಿದ್ದರೆ ಮಣ್ಣು ಮುಕ್ಕಿದಿರಿ. ಕಡಿಮೆ ಕೂಗಿ ಹೆಚ್ಚು ಗೆದ್ದರೆ ಹೊಟ್ಟೆ ಉರಿದುಕೊಂಡಿರಿ. ಜೊತೆಗಾರರ ಎಲೆ ಕಾಣುವುದಿಲ್ಲ, ಅವರ ಕೂಗಿನಿಂದಲೇ ಊಹಿಸಬೇಕು. ಇಡೀ ಆಟದ ಮರ್ಮವೇ ಇದು.

ಸಾಹೇಬರಿಗೆ ಊಹೆ ಎಂದರೆ ಆಗದು. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂದು ಕೈಯಲ್ಲಿರುವ ಎಲೆಗಳನ್ನೂ ತೂಗಿಯೇ ಕೂಗುವವರು. ಕ್ಲಬ್ಬಿನ ಬೆಳ್ಳಿ ಕಪ್ಪನ್ನು ಎರಡು ವರ್ಷ ಸತತವಾಗಿ ಗೆದ್ದಿದ್ದರು. ಮೂರನೆಯ ವರ್ಷವೂ ಗೆದ್ದರೆ ಕಪ್ಪು ಶಾಶ್ವತವಾಗಿ ಮನೆಗೆ! ಅದಕ್ಕಾಗಿ ಗಾಜಿನ ಬೀರುವಿನಿಂದ ಹೆಂಡತಿಯ ಪಿಂಗಾಣಿ ಬಟ್ಟಲುಗಳನ್ನು ಆಗಲೇ ಗಡೀಪಾರು ಮಾಡಿಯಾಗಿತ್ತು.

"ಇದೆಲ್ಲ ನನ್ನ ಸಿಸ್ಟಮ್ಮಿನ ಪ್ರತಾಪ ಕಣೇ" ಎನ್ನುತ್ತಿದ್ದರು.

"ಹೌದು ಹೌದು" ಎನ್ನುತ್ತಿದ್ದಳು ಆಕೆ.

ಅಡ್ಡಗಾಲಾಗಿ ಇದ್ದದ್ದು ಒಂದೇ ಜೋಡಿ. ಔಷಧಿ ಅಂಗಡಿಯವರು ಮತ್ತು ಅವರ ಭಾವಮೈದ. ಔಷಧಿಯವರು ಕೂಗುವ ಮುಂಚೆ ಕೆಮ್ಮುತ್ತಿದ್ದರು. ಒಂದೊಂದು ಸಲ ಒಂದು ಕೆಮ್ಮು, ಒಂದೊಂದು ಸಲ ಎರಡು. ಸಾಹೇಬರ ಇನ್‌ಸ್ಪೆಕ್ಟರ್ ಮೂಗಿಗೆ ಮೇಣದ ವಾಸನೆ ಬಡಿಯಿತು.

"ಒಂದು ಕೆಮ್ಮಿದ್ರೆ ಆಟೀನು, ಎರಡು ಕೆಮ್ಮಿದ್ರೆ ಇಸ್ಪೀಟು. ಹಾಡಹಗಲು ದರೋಡೆ!"

"ಅವರಿಗೆ ಉಬ್ಬಸ ರೀ, ಪಾಪ."

"ಔಷಧಿ ಅಂಗಡಿ ಇಟ್ಕೊಂಡವರಿಗೆ ಉಬ್ಬಸ ಯಾಕೆ ವಾಸಿ ಆಗಲ್ಲ? ಹೇಳು ನೋಡೋಣ!"

ಸಾಹೇಬರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ದೊಡ್ಡ ದೊಡ್ಡ ಪಂದ್ಯಗಳಲ್ಲಿ ಯಾರೂ ಬಾಯಿಂದ ಕೂಗುವುದಿಲ್ಲ, ಆಟಗಾರರ ಪಕ್ಕದಲ್ಲಿ ಒಂದೊಂದು ಪೆಟ್ಟಿಗೆ, ಅದರಲ್ಲಿ ಎಲ್ಲ ಕೂಗುಗಳನ್ನೂ ಅಚ್ಚು ಹಾಕಿದ ಕಾರ್ಡುಗಳು, ಬೇಕಾದ ಕಾರ್ಡು ತೆಗೆದು ಟೇಬಲ್ ಮೇಲೆ ಇಟ್ಟರಾಯಿತು ಎಂದು ಎಲ್ಲೋ ಓದಿದ್ದರು. ಕೆಮ್ಮಿಲ್ಲ, ಕ್ಯಾಕರಿಕೆಯಿಲ್ಲ, ಸಂಪೂರ್ಣ ನ್ಯಾಯ!

ಇದನ್ನು ಕೇಳಿದ ಹೆಂಡತಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಬೇಡ ಕಣ್ರಿ. ಬಾಯಿಂದ ಕೂಗೋದೇ ಚೆನ್ನ. ಮನುಷ್ಯರ ದನಿ ಇಲ್ದೆ ಅದೇನು ಆಟ?"

"ನಿನಗೆ ಸೋಲೋ ಭಯ."

"ಹೌದು, ಭಯಾನೇ. ಹೇಳಿದ್ದು ಕೇಳಿ, ಬೇಡ."

ಕೇಳುವ ಆಸಾಮಿಯೇ ಅವರು? ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು, ಪ್ರಾಮಾಣಿಕತೆಯ ಮೇಲೆ ಭಯಂಕರ ಭಾಷಣ ಬಿಗಿದರು. ಔಷಧಿಯವರು ವಿರೋಧಿಸುತ್ತಾರೆ, ಆಗ ಕೆಮ್ಮಿನ ರಹಸ್ಯ ಬಯಲು ಮಾಡೋಣ ಎಂದು ತೋಳೇರಿಸಿದ್ದರು. ಆದರೆ ವಿರೋಧ ಎಲ್ಲಿ? ಎಲ್ಲರಿಗಿಂತ ಮೊದಲು ಔಷಧಿಯವರೇ ಕೈ ಎತ್ತಿದರು. ಅದೂ ಒಂದಲ್ಲ, ಎರಡೂ ಕೈ! ಭಾವಮೈದ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಸಾಹೇಬರ ಕಣ್ಣು ತುಂಬಿ ಬಂತು. ಟೇಬಲ್ಲಿನಲ್ಲಿ ಹುಂ ಎಂದರೂ ಪಾಯಿಂಟ್ ಕಡಿತ ಎಂಬ ಇನ್ನೊಂದು ನಿಯಮವನ್ನೂ ಆ ಹುಮ್ಮಸ್ಸಿನಲ್ಲೇ ಸೇರಿಸಿಬಿಟ್ಟರು.

ಕಪ್ಪಿನ ದಿನ ಬಂತು. ಗಡಗಡ ಎನ್ನುವ ಆ ಹಳೆಯ ಫ್ಯಾನು, ಇಂಕಿನ ಕಲೆಯಿದ್ದ ಹಸಿರು ಬಟ್ಟೆಯ ಮೇಜು, ಕೂತರೆ ಕಿರ್ರೆನ್ನುವ ಬೆತ್ತದ ಕುರ್ಚಿ, ಎಲ್ಲವೂ ಅವೇ. ಆದರೆ ಸದಾ ಸಂತೆಯ ಹಾಗೆ ಗದ್ದಲವಿರುತ್ತಿದ್ದ ಹಾಲಿನಲ್ಲಿ ಒಂದು ಉಸಿರೂ ಕೇಳುತ್ತಿರಲಿಲ್ಲ. ಯಾರಾದರೂ ನೋಡಿದರೆ ಪರೀಕ್ಷೆ ನಡೆಯುತ್ತಿದೆ ಎಂದುಕೊಳ್ಳಬೇಕು.

ಮೊದಲ ಕೈಯಲ್ಲಿ ಸಾಹೇಬರಿಗೆ ಹನ್ನೆರಡು ಪಾಯಿಂಟು. ಬಹುಪಾಲು ಚಿಲ್ಲರೆ ರಾಣಿ, ಗುಲಾಮರು. ಪೆಟ್ಟಿಗೆಯಿಂದ 'ಒಂದು ಆಟೀನ್' ಕಾರ್ಡು ತೆಗೆದು ಇಟ್ಟರು. ಹೆಂಡತಿ ತಲೆ ಓರೆ ಮಾಡಿ ಕಾರ್ಡಿನ ಕಡೆಗೆ ಕಿವಿ ಕೊಟ್ಟಳು. ಕಾರ್ಡು ಏನು ಹೇಳೀತು? ಆಕೆ ಸ್ವಲ್ಪ ಹೊತ್ತು ಒದ್ದಾಡಿ, ಸೀದಾ 'ನಾಲ್ಕು ಆಟೀನ್' ಇಟ್ಟಳು. ಎರಡು ಸುತ್ತು ಕಮ್ಮಿ ಬಿದ್ದು ಮುಗ್ಗರಿಸಿದರು. ಮುಂದಿನ ಕೈಯಲ್ಲಿ ಸಾಹೇಬರಿಗೆ ಹತ್ತೊಂಬತ್ತು ಪಾಯಿಂಟಿನ ರಾಜವೈಭವ. 'ಒಂದು ಇಸ್ಪೀಟ್' ಇಟ್ಟರು. ಈ ಸಲ ಹೆಂಡತಿ ಹೆದರಿ 'ಪಾಸ್' ಇಟ್ಟು ಕೈ ತೊಳೆದುಕೊಂಡಳು. ನಾಲ್ಕು ಕೂಗಬಹುದಾಗಿದ್ದ ಆಟ ಒಂದಕ್ಕೇ ನಿಂತಿತು. ಸಾಹೇಬರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಹೆಂಡತಿ ಫ್ಯಾನನ್ನು ನೋಡಿದಳು.

ಹೇಗೋ ಏಳುತ್ತ ಬೀಳುತ್ತ ಕೊನೆಯ ಟೇಬಲ್ಲಿಗೆ ಬಂದರು. ಎದುರಾಳಿಗಳು ಔಷಧಿಯವರು ಮತ್ತು ಭಾವಮೈದ. ಈ ಒಂದು ಕೈ ದೊಡ್ಡದಾಗಿ ಗೆದ್ದರೆ ಕಪ್ಪು ಇನ್ನೂ ಇವರದೇ! ಎಲೆ ತೆರೆದು ನೋಡಿದ ಸಾಹೇಬರ ಮೈ ಜುಮ್ಮೆಂದಿತು. ಇಸ್ಪೀಟುಗಳ ದೊಡ್ಡ ಸೈನ್ಯ, ಕಲಾವರ್ ಮಾತ್ರ ಒಂದೇ ಒಂದು ಪುಟಾಣಿ. 'ಒಂದು ಇಸ್ಪೀಟ್' ಇಟ್ಟರು. ಹೆಂಡತಿ 'ಮೂರು ಇಸ್ಪೀಟ್' ಇಟ್ಟಳು. ಅಬ್ಬಾ, ಅವಳಿಗೂ ಬಂದಿದೆ! ಹನ್ನೆರಡು ಸುತ್ತು ಗೆಲ್ಲುವ ಯೋಗ ಕಣ್ಣೆದುರು ಕುಣಿಯಿತು. ಸಾಹೇಬರು 'ನಾಲ್ಕು ನೋ ಟ್ರಂಪ್' ಇಟ್ಟರು.

ಮೇಲ್ನೋಟಕ್ಕೆ ಇದರ ಅರ್ಥ, ತುರುಪೇ ಇಲ್ಲದೆ ಹತ್ತು ಸುತ್ತು ಗೆಲ್ಲುತ್ತೇನೆ ಎಂದು. ಆದರೆ ಬಲ್ಲ ಜೋಡಿಗಳ ನಡುವೆ ಅದು ಕೂಗಲ್ಲ, ಪ್ರಶ್ನೆ. ನಿನ್ನ ಹತ್ತಿರ ಎಕ್ಕ ಎಷ್ಟಿವೆ ಎಂದು ಕೇಳಿದ ಹಾಗೆ.

ಹೆಂಡತಿ ಕಾರ್ಡು ನೋಡಿದಳು. ಗಂಡನ ಮುಖ ನೋಡಿದಳು. ಪೆಟ್ಟಿಗೆಗೆ ಕೈ ಹಾಕಿ, ಹಸಿರು ಬಣ್ಣದ 'ಪಾಸ್' ತೆಗೆದು ಇಟ್ಟಳು.

ಸಾಹೇಬರ ಗಂಟಲಿನಿಂದ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವರಂತೆ, ಒಂದು ಸದ್ದು ಹೊರಟಿತು.

ಔಷಧಿಯವರು ಬೆರಳೆತ್ತಿದರು. "ಸಾಹೇಬ್ರೇ, ಕೆಮ್ಮೋ ಹಾಗಿಲ್ಲ. ನಿಮ್ಮದೇ ರೂಲು."

ಆಮೇಲೆ ನಡೆದದ್ದನ್ನು ಹೇಳುವುದೇ ಬೇಡ. ಔಷಧಿಯವರ ಕೈಯಲ್ಲಿ ಕಲಾವರುಗಳ ಮೆರವಣಿಗೆಯೇ ಇತ್ತು. ಎಕ್ಕ, ರಾಜ, ರಾಣಿ, ಗುಲಾಮ ಎಂದು ಒಂದಾದ ಮೇಲೊಂದು ಇಳಿಸಿ ಆರು ಸುತ್ತು ಬಾಚಿಕೊಂಡರು. ಇಸ್ಪೀಟು ತುರುಪಾಗಿದ್ದರೆ ಎರಡನೆಯ ಕಲಾವರನ್ನೇ ಕತ್ತರಿಸಿ ಎಸೆಯಬಹುದಿತ್ತು. ಆದರೆ ಆ 'ಪಾಸ್'ನಿಂದ ಪ್ರಶ್ನೆಯೇ ಕೊನೆಯ ಕೂಗಾಗಿ ನಿಂತಿತ್ತು, ತುರುಪಿಲ್ಲವಲ್ಲ! ಆಟ ಶುರುವಾದ ಮೇಲೆ ನಿಯಮದಂತೆ ಟೇಬಲ್ ಮೇಲೆ ಬಿಚ್ಚಿಟ್ಟ ಹೆಂಡತಿಯ ಎಲೆಗಳಲ್ಲಿ ಎರಡು ಎಕ್ಕಗಳು ಸಾಹೇಬರನ್ನು ಮಿಕಿಮಿಕಿ ನೋಡುತ್ತಿದ್ದವು. ಬೆಳ್ಳಿ ಕಪ್ಪು ಔಷಧಿಯವರ ತೋಳಿನಲ್ಲಿ ಕೂತು ಹೊರಟಿತು.

ದಾರಿಯಲ್ಲಿ ಸಾಹೇಬರ ಬಾಯಿಯ ಕಟ್ಟೆ ಒಡೆಯಿತು. "ನಾಲ್ಕು ನೋ ಟ್ರಂಪ್ ಅಂದ್ರೆ ಎಕ್ಕ ಎಷ್ಟು ಅಂತ ಕೇಳೋದು! ಮದುವೆ ಆದಾಗಿಂದ ಹೇಳ್ಕೊಡ್ತಾ ಇದೀನಿ!"

"ನೀವು ಹೇಳ್ಕೊಡೋವಾಗೆಲ್ಲ ನಾನು ಬೀನ್ಸ್ ಬಿಡಿಸ್ತಾ ಇರ್ತಿದ್ದೆ."

"ಮತ್ತೆ ಇಷ್ಟು ವರ್ಷ ಸರಿಯಾಗಿ ಉತ್ತರ ಕೊಡ್ತಿದ್ದೆಯಲ್ಲೇ?"

"ಪ್ರಶ್ನೆ ಕೇಳೋವಾಗ ನಿಮ್ಮ ದನಿ ಮೇಲಕ್ಕೆ ಹೋಗ್ತಿತ್ತು. ಆಗ ಎಕ್ಕ ಎಣಿಸಿ ಹೇಳ್ತಿದ್ದೆ. ಇವತ್ತು ಆ ಕಾರ್ಡಿಗೆ ದನಿ ಎಲ್ಲಿತ್ತು? ಇಸ್ಪೀಟು ಬೇಡ ಅಂತ ಮನಸ್ಸು ಬದಲಾಯಿಸಿದ್ರೇನೋ ಅಂದ್ಕೊಂಡೆ."

ಸಾಹೇಬರು ನಡುರಸ್ತೆಯಲ್ಲಿ ನಿಂತುಬಿಟ್ಟರು. "ಮತ್ತೆ 'ಒಂದು ಆಟೀನ್' ಅಂದಾಗ?"

"ಎಲೆ ಬಡವಾಗಿದ್ರೆ ಪಕ್ಕದ ಮನೆಗೆ ಸಕ್ಕರೆ ಕೇಳೋಕೆ ಹೋದವರ ಹಾಗೆ ಅಂತಿದ್ರಿ. ಜೋರಾಗಿ ಬಂದಿದ್ರೆ ಕೋರ್ಟಿನ ಜವಾನ ಸಾಕ್ಷಿ ಕರೆದ ಹಾಗೆ. ನೀವೇನು ಕೂಗಿದ್ರಿ ಅಂತ ನಾನು ಯಾವತ್ತು ಕೇಳಿದೀನಿ? ಹೇಗೆ ಕೂಗಿದ್ರಿ ಅಂತ ಕೇಳ್ತಿದ್ದೆ."

"ಹಾಗಾದ್ರೆ ಇಷ್ಟು ವರ್ಷ ಮೋಸ ಮಾಡ್ತಿದ್ದದ್ದು... ನಾವಾ?"

"ಮೋಸ ಏನು ಬಂತು? ಕಿವಿ ಮುಚ್ಕೊಂಡು ಸಂಸಾರ ಮಾಡೋಕಾಗುತ್ತಾ?"

ಊರಿನ ತಕ್ಕಡಿಗಳನ್ನೆಲ್ಲ ಮಗುಚಿ ನೋಡಿದ ಮಹಾನುಭಾವರು! ಮೇಣ ತಮ್ಮ ಗಂಟಲಿನಲ್ಲೇ ಅಂಟಿಕೊಂಡಿತ್ತು. ಹೆಂಡತಿ ಮೆಲ್ಲಗೆ ಹೇಳಿದಳು.

"ಎಕ್ಸ್‌ಚೇಂಜಲ್ಲಿ ದಿನವಿಡೀ ಜನರ ದನಿ ಕೇಳ್ತಿದ್ದೆ. ಯಂತ್ರ ಬಂದ ಮೇಲೆ ಅದು ಹೋಯ್ತು. ಶನಿವಾರ ಒಂದಿನ ಈ ಕಿವಿಗೆ ಕೆಲಸ ಇತ್ತು. ನೀವು ಎಲೆ ನೋಡಿ ಖುಷಿಯಾಗಿದೀರೋ, ಪೆಚ್ಚಾಗಿದೀರೋ ಕೇಳಿಸ್ಕೊಂಡು ಕೂತಿರ್ತಿದ್ದೆ. ಅದನ್ನೂ ನೀವೇ ಪೆಟ್ಟಿಗೆಗೆ ಹಾಕ್ಬಿಟ್ರಿ. ಇನ್ನು ನಾನು ಬರಲ್ಲ, ಬೇರೆ ಜೋಡಿ ನೋಡ್ಕೊಳ್ಳಿ."

ಸಾಹೇಬರಿಗೆ ಕಪ್ಪು ಹೋದದ್ದು ಆ ಕ್ಷಣ ಮರೆತೇಹೋಯಿತು. ಎದುರಿನ ಬೆತ್ತದ ಕುರ್ಚಿಯಲ್ಲಿ ಈಕೆಯಿಲ್ಲದ ಶನಿವಾರ ಹೇಗಿರುತ್ತದೆ ಎಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ಈಗ ಯೋಚಿಸಿದರು. ಬಹಳ ಸಂಕಟವಾಯಿತು.

ಮರುದಿನ ಬೆಳಗ್ಗೆ ಸೀದಾ ಔಷಧಿ ಅಂಗಡಿಗೆ ಹೋಗಿ, ಅಪರಾಧಿಯಂತೆ ಕೈಕಟ್ಟಿ ನಿಂತು ಎಲ್ಲವನ್ನೂ ಒಪ್ಪಿಸಿದರು.

ಔಷಧಿಯವರು ಮೊದಲು ಮುಗುಳ್ನಕ್ಕರು. ಆಮೇಲೆ ಗಹಗಹಿಸಿದರು. ಆಮೇಲೆ ಉಬ್ಬಸವೇ ಬಂದು, ಮೇಜು ಹಿಡಿದುಕೊಂಡು ಪಂಪು ಹೊಡೆದುಕೊಂಡರು. ನಿಜವಾದ ಉಬ್ಬಸ!

"ಇದೇನು ಹೊಸಾ ಸುದ್ದಿ ಸಾರ್? ಇಡೀ ಕ್ಲಬ್ಬಿಗೇ ಗೊತ್ತಿತ್ತು! ನಿಮ್ಮ ದನಿ ಕೇಳಿಯೇ ನಾವೂ ಆಡ್ತಿದ್ವಿ."

"ಹಾಗಾದ್ರೆ ನೀವ್ಯಾಕೆ ಗೆಲ್ಲಲಿಲ್ಲ?"

"ನಮಗೆ ನಿಮ್ಮ ಎಲೆ ಮಾತ್ರ ಗೊತ್ತಾಗ್ತಿತ್ತು. ಅಕ್ಕನಿಗೆ ನಾವು 'ಪಾಸ್' ಅನ್ನೋದ್ರಲ್ಲೇ ನಮ್ಮ ಎಲೇನೂ ಗೊತ್ತಾಗ್ತಿತ್ತು! ಅವರ ಕಿವಿಯಿಂದ ತಪ್ಪಿಸ್ಕೊಳ್ಳೋಕೆ ದಾರಿ ಕಾಣದೆ ಕೂತಿದ್ವಿ. ನೀವಾಗಿ ನೀವೇ ಬಂದು ಮೂಕ ಕೂಗು ಬೇಕು ಅಂದ್ರಿ. ಎರಡು ಕೈ ಎತ್ತಿದ್ದು ಕಮ್ಮಿಯಾಯ್ತು ಸಾರ್!"

ಸಾಹೇಬರು ಕೆಮ್ಮಿನ ಔಷಧಿಯ ಸೀಸೆಗಳನ್ನು ನೋಡುತ್ತ ನಿಂತರು. ಕೊನೆಗೆ, "ಹೇಗಾದ್ರೂ ಮಾಡಿ ಆ ಪೆಟ್ಟಿಗೆ ತೆಗೆಸಿ. ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ಆಟಕ್ಕೇ ಬರಲ್ಲ ಅಂತಿದಾಳೆ" ಎಂದರು.

ಔಷಧಿಯವರ ನಗು ನಿಂತಿತು. "ಕ್ಲಬ್ಬಲ್ಲಿ ಇನ್ನಾಗಲ್ಲ. ಆದ್ರೆ ನಿಜ ಹೇಳ್ಲಾ? ನಿನ್ನೆ ಕಪ್ಪು ಹಿಡ್ಕೊಂಡು ಹೋಗೋವಾಗ ನಮ್ಮ ಭಾವಮೈದ ಅಂದ, ಗೆದ್ವಿ, ಆದ್ರೆ ಆಟ ಆಡಿದ ಹಾಗೇ ಅನ್ನಿಸ್ಲಿಲ್ಲ ಅಂತ. ನಿಮ್ಮ ಕೂಗು ಇಲ್ದೆ ಹಾಲೆಲ್ಲ ಬಿಕೋ ಅಂತಿತ್ತು. ಪ್ರತಿ ಭಾನುವಾರ ನಿಮ್ಮ ಮನೇಲಿ ಟೇಬಲ್ ಹಾಕಿ. ನಾವಿಬ್ರೂ ಬರ್ತೀವಿ. ಪೆಟ್ಟಿಗೆ ಗಿಟ್ಟಿಗೆ ಏನೂ ಬೇಡ. ಅಕ್ಕನ ಕೈಲಿ ಸೋತು ತುಂಬಾ ದಿನ ಆದ ಹಾಗಿದೆ."

ಸಾಹೇಬರು ಅವರ ಎರಡೂ ಕೈ ಹಿಡಿದು ಕುಲುಕಿದರು. ಮನೆಯವರೆಗೂ ದಾರಿಯುದ್ದಕ್ಕೂ ಏರಿಳಿತವಿಲ್ಲದ, ಮುದ್ರೆ ಒತ್ತಿದ ತೂಕದ ಕಲ್ಲಿನಂಥ ದನಿಯೊಂದನ್ನು ಅಭ್ಯಾಸ ಮಾಡಿದರು. ಕಾಲಿಗೆ ಬೀಳಲು ಹೊರಟಿದ್ದು ಹೆಂಡತಿಗೆ ತಿಳಿದರೆ ಮರ್ಯಾದೆ ಉಳಿಯುತ್ತದೆಯೇ? ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎದೆ ಸೆಟೆಸಿ, ಒಳಗೆ ಹೋದರು. ಆಕೆ ಕಿಟಕಿಯ ಕಡೆ ಮುಖ ಮಾಡಿ ಬಟ್ಟೆ ಮಡಿಚುತ್ತಿದ್ದಳು.

"ಕೇಳಿಲ್ಲಿ. ಇನ್ಮೇಲೆ ಭಾನುವಾರ ನಮ್ಮನೇಲೇ ಆಟ. ಬಾಯಿಂದಾನೇ ಕೂಗ್ಬೇಕು ಅಂತ ಔಷಧಿಯವರಿಗೆ ಖಡಾಖಂಡಿತವಾಗಿ ಹೇಳ್ಬಿಟ್ಟೆ. ತುಟಿಪಿಟಿಕ್ ಅನ್ನದೆ ಒಪ್ಕೊಂಡ್ರು."

ಆಕೆಯ ಕೈ ನಿಂತಿತು. ತಲೆ ಒಂದಿಷ್ಟು ಓರೆಯಾಯಿತು. ಆಕೆ ತಿರುಗಿ ನೋಡಲೂ ಇಲ್ಲ.

"ಪಾಪ, ತುಂಬಾ ನಕ್ಕರಾ ಅವರು?"