ಹೊತ್ತು ಮುಳುಗಿದ ಮೇಲಿನ ಹಸಿವು

ಮನೆಯಲ್ಲಿ ನೇಮ, ಶಿಸ್ತು ಎಂದು ಹೆಚ್ಚು ಕೂಗಾಡುವವನ ಹೊಟ್ಟೆ ಸಾಮಾನ್ಯವಾಗಿ ತುಂಬಿರುತ್ತದೆ. ಅನುಭವದ ಮಾತಿದು, ಅನುಭವವೂ ನನ್ನದೇ. ಇಸವಿ ಎಂಬತ್ತೆರಡೋ ಎಂಬತ್ಮೂರೋ ಇರಬೇಕು. ನಾನು ಖಾನಾಪುರದ ಶಾಲೆಯೊಂದರಲ್ಲಿ ಗಣಿತದ ಮಾಸ್ತರ, ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ಊರ ಮಕ್ಕಳನ್ನೆಲ್ಲ ಕಣ್ಣಲ್ಲೇ ಕೂಡ್ರಿಸುತ್ತಿದ್ದ ನನಗೆ ಕೂಡ್ರಿಸಲಾಗದವಳು ಒಬ್ಬಳೇ, ಒಂಬತ್ತು ವರ್ಷದ ಮಗಳು ಪದ್ಮಾ. ಊಟದ ನಡುವೆ ಎರಡು ತುತ್ತಿಗೊಮ್ಮೆ ಬೀದಿ ನೋಡಿ ಬರುತ್ತಿದ್ದಳು. ಗೋಡೆ ಹಾರಿ ನೆರೆಮನೆಯವರು ಒಣಹಾಕಿದ ಹಪ್ಪಳದ ಮೇಲೇ ಇಳಿಯುತ್ತಿದ್ದಳು. ಅವಳ ಶಾಲೆಯ ಅಕ್ಕೋರು ಚೀಟಿ ಬರೆದು ಬರೆದು ಸೋತು ಕೊನೆಗೆ ತಾವೇ ಮನೆಗೆ ಬಂದುಬಿಟ್ಟರು.

ಮಕ್ಕಳ ಡಾಕ್ಟರು ನೋಡಿ, "ಇದು ಹಟಾ ಅಲ್ರೀ ಮಾಸ್ತರ, ಆಕಿ ಚಿತ್ತ ಒಂದ ಕಡೆ ನಿಲ್ಲೂದಿಲ್ಲ, ಅಷ್ಟ," ಎಂದು ದಿನಕ್ಕೆರಡು ಗುಳಿಗೆ ಬರೆದರು. "ಹಗಲೊತ್ತು ಹಸಿವಿ ಕಡಿಮಿ ಆಗಬಹುದು. ಆದ್ರ ಬಂದು ಹೇಳ್ರಿ," ಎಂದರು. ನಾನು ಚೀಟಿಯನ್ನು ಜೋಪಾನವಾಗಿ ಕಿಸೆಗಿಟ್ಟು, ಆ ಮಾತನ್ನು ಅಲ್ಲೇ ಬಿಟ್ಟು ಬಂದೆ. ಗುಳಿಗೆ ಕೆಲಸ ಮಾಡಿತು, ಸುಳ್ಳೇಕೆ? ಪದ್ಮಾ ಕುಳಿತಲ್ಲೇ ಕುಳಿತು ಹದಿನೇಳರ ಮಗ್ಗಿ ಒಪ್ಪಿಸಿದಳು. ಗುಳಿಗೆ ಕಂಡುಹಿಡಿದವನು ನಾನೇ ಎಂಬಂತೆ ಬೀಗಿದೆ. ಆದರೆ ಡಬ್ಬಿಯ ಚಪಾತಿ ಮಡಿಚಿದ್ದು ಮಡಿಚಿದಂತೆ ವಾಪಸು ಬರತೊಡಗಿತು. ಸಂಜೆಯ ತಾಟೂ ಹಾಗೇ. ಗುಳಿಗೆಯ ಬಿಗಿ ಇಳಿದು ಹಸಿವು ಬರುವಾಗ ಏಳೂವರೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಊಟವಿಲ್ಲ. ನನ್ನ ಅವ್ವ ಮದುವೆಯಾಗಿ ಬಂದಂದಿನಿಂದ ಒಂದು ದಿನವೂ ತಪ್ಪಿದವಳಲ್ಲ. "ಅಪ್ಪಾ, ಹಸಿವ್ಯಾಗೇತಿ," ಎಂದು ಪದ್ಮಾ ಬಂದರೆ, "ಹೊತ್ತಿದ್ದಾಗ ಎಲ್ಲಿ ಹೋಗಿತ್ತ ನಿನ್ನ ಹಸಿವಿ? ನಾಟಕಾ ಮಾಡಬ್ಯಾಡ," ಎಂದು ಗದರುತ್ತಿದ್ದೆ. "ಎರಡು ಬಾಳಿಹಣ್ಣರ ಕೊಡೂಣ್ರೀ," ಎಂದು ಹೆಂಡತಿ ಸುಶೀಲಾ ಅಂದರೆ, "ಅವ್ವನ ಮನಸ್ಸು ನೋಯಿಸ್ತೀಯೇನು?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ತಾ ಕಳ್ಳ, ಪರರ ನಂಬ. ಯಾಕೆಂದರೆ ದಿನಾ ಸಂಜೆ ಖಾನಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತ ನಾನು ಬಿಸಿ ಭಜಿ ಹೊಡೆಯುತ್ತಿದ್ದೆ. ಅದೂ ದೀಪ ಹತ್ತಿದ ಮೇಲೆ, ಅದೂ ಜೈನರಿಗೆ ವರ್ಜ್ಯವಾದ ಉಳ್ಳಾಗಡ್ಡಿಯ ಭಜಿ! ಒಂದೇ ಪ್ಲೇಟಿನಲ್ಲಿ ಎರಡು ನೇಮ ಮುರಿದು, ವಾಸನೆ ಹೋಗಲೆಂದು ಬಡೇಸೋಪು ಅಗಿದು, ಮನೆಗೆ ಬಂದು, "ಹೊತ್ತು ಮುಳುಗೇತಿ, ನನಗ ಊಟ ಬ್ಯಾಡವ್ವಾ," ಎನ್ನುತ್ತಿದ್ದೆ. ಅವ್ವ ಹೆಮ್ಮೆಯಿಂದ ನನ್ನ ಮುಖ ನೋಡುತ್ತಿದ್ದಳು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡು ತಿಂಗಳಲ್ಲಿ ಪದ್ಮಾಳ ಫ್ರಾಕು ಹೆಗಲಿನಿಂದ ಜಾರತೊಡಗಿತು. ಅವ್ವ ಹಟಹಿಡಿದು ನಮ್ಮ ಜೊತೆ ಡಾಕ್ಟರ ಕಡೆ ಬಂದಳು. ತೂಕ ನೋಡಿದ ಡಾಕ್ಟರು, "ಊಟಾ ಹೆಂಗ?" ಎಂದರು. "ಹೊತ್ತೊತ್ತಿಗೆ ಬಡಸ್ತೇವ್ರಿ," ಎಂದೆ. ಸುಳ್ಳಲ್ಲವಲ್ಲ! ಅವ್ವ ಬಿಡಲಿಲ್ಲ. "ಬಡಸ್ತಾರ್ರಿ, ಕೂಸು ಉಣ್ಣೂದಿಲ್ಲ. ರಾತ್ರಿ ಹಸಿವಿ ಅಂತ ಅಳತೈತಿ." ಡಾಕ್ಟರು ಗುಳಿಗೆ ಕಡಿಮೆ ಮಾಡಿ, ನಾಷ್ಟಾ ಆದ ಮೇಲೆ ಒಂದೇ ಕೊಡಿ, ಹಸಿದಾಗ ಉಣಿಸಿ, ರಾತ್ರಿಯಾದರೂ ಸರಿ ಎಂದರು. "ಹಸಿವಿ ಕಡಿಮಿ ಆದ್ರ ಬರ್ರಿ ಅಂತ ಮಾಸ್ತರಗ ಮೊದಲ ಹೇಳಿದ್ನಲ್ಲ?" ಅವ್ವ ಒಮ್ಮೆ ನನ್ನ ಕಡೆ ತಿರುಗಿದಳು. ಪದ್ಮಾಳ ಕೈ ಹಿಡಿದು ನನ್ನನ್ನು ಹಿಂದೆ ಬಿಟ್ಟು ನಡೆದಳು.

ಅಂದು ಏಳೂವರೆಗೆ ಅವ್ವ ತಾನೇ ಒಲೆ ಹಚ್ಚಿ ರೊಟ್ಟಿ ಬಡಿದಳು. "ಅವ್ವಾ, ನಿನ್ನ ನೇಮಾ?" ಎಂದೆ. "ನಾ ಉಣ್ಣಾಕತ್ತೇನೇನು? ಸುಮ್ನ ಕುಂದರ," ಎಂದಳು. ಪದ್ಮಾ ಪ್ರತಿ ತುತ್ತಿಗೂ ನನ್ನ ಮುಖ ನೋಡಿ ಉಂಡಳು. ಎರಡನೆಯ ರೊಟ್ಟಿಯನ್ನು ಅರ್ಧ ಮುರಿದು ನನ್ನತ್ತ ಚಾಚಿ, "ತಗೋ ಅಪ್ಪಾ. ನೀನೂ ದಿನಾ ರಾತ್ರಿ ಉಪಾಸ ಇರ್ತಿ, ಪಾಪ," ಎಂದಳು. ಆ ಅರ್ಧ ತೆಗೆದುಕೊಂಡು ತಿಂದೆ. ಅವ್ವ ಕಣ್ಣೊರೆಸಿಕೊಂಡು ನನ್ನನ್ನು ಅಲ್ಲೇ ಕ್ಷಮಿಸಿಬಿಟ್ಟಳು. ಮಗಳ ಸಲುವಾಗಿ ನನ್ನ ಮಗ ನೇಮ ಬಿಟ್ಟ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದಳು. ಅವ್ವ ಈಗಿಲ್ಲ. ಪದ್ಮಾ ಆ ಕಥೆಯನ್ನು ತನ್ನ ಮಕ್ಕಳಿಗೆ ಹೇಳುತ್ತಾಳೆ. ಅವು ನನ್ನ ಕಾಲಿಗೆ ನಮಸ್ಕಾರ ಮಾಡುತ್ತವೆ. ಭಜಿಯ ಮಾತೆತ್ತದೆ ನಾನು ಆಶೀರ್ವಾದವನ್ನೂ ಮಾಡುತ್ತೇನೆ.