ಏಳು ಲೀಟರಿನ ಪ್ರತಿಜ್ಞೆ

"ನನ್ನ ಕಾರು ನೂರು ಕಿಲೋಮೀಟರಿಗೆ ಏಳು ಲೀಟರಿಗಿಂತ ಒಂದು ಹನಿ ಹೆಚ್ಚು ಕುಡಿದರೂ ಸರಿ, ಭಾವ, ನಿನ್ನ ಪಾಲಿನ ಮೆಟ್ಟಿಲನ್ನೂ ನಾನೇ ಗುಡಿಸ್ತೀನಿ" ಎಂದು ಶನಿವಾರದ ಬಿಯರ್ ಮೇಜಿನ ಮುಂದೆ ಎದ್ದು ನಿಂತು ವೆಂಡೆಲಿನ್ ಘೋಷಿಸಿದ.

ಗೋಪಿಂಗನ್ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಒಂದೇ ಕಟ್ಟಡದ ಮನೆಗಳ ಬಾಗಿಲಿಗೆ ಸರದಿಯಂತೆ ಒಂದು ಹಲಗೆ ಬಂದು ನೇತಾಡುತ್ತದೆ. ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು, ಅಂಗಳ, ಬೀದಿಯಂಚು ಎಲ್ಲವನ್ನೂ ಗುಡಿಸಬೇಕು. ತನ್ನ ಸರದಿ ತಪ್ಪಿಸುವವನು ಕಳ್ಳನಿಗಿಂತ ಕಡೆ. ಇನ್ನೊಬ್ಬರ ಸರದಿಯನ್ನು ಮೈಮೇಲೆ ಎಳೆದುಕೊಳ್ಳುವವನು ಮಾತ್ರ ಊರಿಗೇ ಮನರಂಜನೆ.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಾಸವಿದ್ದ, ವೆಂಡೆಲಿನ್‌ನ ಹೆಂಡತಿಯ ಅಣ್ಣ ಎಬರ್ಹಾರ್ಡ್ ಬಿಯರಿನ ನೊರೆ ಒರೆಸಿಕೊಂಡು ಕೇಳಿದ: "ಎಷ್ಟು ಕಾಲ?"

"ಕಾರು ನನ್ನ ಹತ್ತಿರ ಇರೋ ತನಕ."

ಎಬರ್ಹಾರ್ಡ್ ತಕ್ಷಣ ಕೈ ಕುಲುಕಿದ. ಅವನ ಮುದಿ ಡೀಸೆಲ್ ಕಾರು ಐದೇ ಲೀಟರ್ ಕುಡಿಯುತ್ತಿತ್ತು, ಮತ್ತು ಈ ಸಂಗತಿಯನ್ನು ಅವನು ಊಟಕ್ಕೆ ಮುಂಚೆ ಪ್ರಾರ್ಥನೆಯಂತೆ ಹೇಳುತ್ತಿದ್ದ.

ವೆಂಡೆಲಿನ್ ಬದುಕಿಡೀ ಕಾರ್ಖಾನೆಯಲ್ಲಿ ಹಲ್ಲುಚಕ್ರ ಕೊರೆದವನು. ಒಂದೇ ಚಹಾ ಪೊಟ್ಟಣವನ್ನು ಎರಡು ಸಲ ಅದ್ದಿ, ಮೂರನೆಯ ಸಲಕ್ಕೆ ಆಸೆಯಿಂದ ನೋಡಿದವನು. ನಿವೃತ್ತನಾದ ಮೇಲೆ, ನೆಲಕ್ಕೆ ಹೊಟ್ಟೆ ತಾಗುವಂಥ ಒಂದು ಕೆಂಪು ಓಟದ ಕಾರನ್ನು ಕೊಂಡ. ಹೆಂಡತಿ ರೋಸ್ವಿತಾ ಒಪ್ಪಿದ್ದು ಕಂಪನಿಯವರು ಏಳೇ ಲೀಟರ್ ಎಂದು ಅಚ್ಚು ಹಾಕಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ. ಅಚ್ಚಾದದ್ದು ಸುಳ್ಳಾಗುವುದುಂಟೇ!

ಉಂಟು. ಮೊದಲ ವಾರವೇ, ನೂರು ಕಿಲೋಮೀಟರಿಗೆ ಎಷ್ಟು ಕುಡಿಯಿತೆಂದು ಹೇಳುವ ಕಾರಿನ ಮುಳ್ಳು ಹದಿನೈದು ಲೀಟರ್ ತೋರಿಸಿತು. ವೆಂಡೆಲಿನ್ ಬೆರಳ ಗೆಣ್ಣಿನಿಂದ ಗಾಜನ್ನು ತಟ್ಟಿದ.

"ಅದೇನು ನಿಮ್ಮಜ್ಜನ ಗಡಿಯಾರಾನಾ, ತಟ್ಟಿದರೆ ಸರಿಹೋಗೋಕೆ?" ಎಂದಳು ರೋಸ್ವಿತಾ.

ತಪ್ಪು ಕಾರಿನದಲ್ಲ, ಭಾರದ್ದು ಎಂದು ಅವನು ತೀರ್ಮಾನಿಸಿದ. ಕಾಲೊರಸುಗಳು ಹೊರಬಿದ್ದವು. ಸಲಕರಣೆ ಚೀಲ ಹೊರಬಿತ್ತು. ಕೊನೆಗೆ ಅವನ ದೃಷ್ಟಿ ಪಕ್ಕದ ಸೀಟಿನ ಮೇಲೆ ನಿಂತಿತು.

"ಯಾಕೆ ಹಂಗೆ ತೂಕ ಹಾಕೋ ಥರ ನೋಡ್ತಿದ್ದೀಯ?"

ಆ ಭಾನುವಾರ ರೋಸ್ವಿತಾ ಚರ್ಚಿಗೆ ಬಸ್ಸಿನಲ್ಲಿ ಹೋದಳು. ವೆಂಡೆಲಿನ್ ಕಾರಿನಲ್ಲಿ ಹೋದ. ಬಸ್ಸು ಮೊದಲು ಮುಟ್ಟಿತು.

ಪ್ರತಿಜ್ಞೆಯ ಸೋಲುಗೆಲುವು ತೀರ್ಮಾನಿಸಲು ಒಂದು ಪರೀಕ್ಷೆ ನಡೆಯಬೇಕಿತ್ತು; ಅದರ ನಿಯಮಗಳನ್ನು ವೆಂಡೆಲಿನ್‌ನೇ ಮಾಡಿದ. ಊರಂಚಿನ ಬಂಕಿನಲ್ಲಿ ಟ್ಯಾಂಕು ತುಂಬಿಸುವುದು. ಉಲ್ಮ್ ಪಟ್ಟಣದ ತನಕ ಹೋಗಿ ಬಂದರೆ ಸರಿಯಾಗಿ ನೂರು ಕಿಲೋಮೀಟರ್. ಬಂದು ಅದೇ ಪಂಪಿನಲ್ಲಿ ಮತ್ತೆ ತುಂಬಿಸುವುದು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟೇ ಕಾರು ಕುಡಿದದ್ದು. ಮುಳ್ಳನ್ನು ಯಾರೂ ನಂಬಬೇಕಾಗಿಲ್ಲ.

ಅಲ್ಲಿ ಪೆಟ್ರೋಲಿನ ದರ ಒಂದೇ ದಿನದಲ್ಲಿ ಹಲವು ಸಲ ಏರಿಳಿಯುತ್ತದೆ; ಪರೀಕ್ಷೆಯ ದಿನ ಮಧ್ಯಾಹ್ನ ವೆಂಡೆಲಿನ್, ಎಬರ್ಹಾರ್ಡ್ ಇಬ್ಬರೂ ಬಂಕಿಗೆ ಬಂದಾಗ ಅದು ಏರಿತ್ತು. ಪಂಪು 'ಟಕ್' ಎಂದು ನಿಂತ ಕೂಡಲೇ ವೆಂಡೆಲಿನ್ ಹಲ್ಲು ಕಚ್ಚಿ ಕೊಳವೆ ಕಿತ್ತ. ಸಾಕ್ಷಿಯಾಗಿ ಎಬರ್ಹಾರ್ಡ್ ಪಕ್ಕದಲ್ಲಿ ಕೂತಾಗ ಕಾರು ಒಂದು ಕಡೆಗೆ ವಾಲಿತು.

"ಊಟ ಆಯ್ತಾ ಭಾವ?"

"ಎರಡು ಸಲ" ಎಂದ ಎಬರ್ಹಾರ್ಡ್. "ಬೇಳೆ, ನೂಡಲ್ಸು, ಸಾಸೇಜು. ದೂರದ ಪ್ರಯಾಣ ಅಲ್ವಾ."

ವೇಗಕ್ಕೆ ಮಿತಿಯೇ ಇಲ್ಲದ ಹೆದ್ದಾರಿ. ಮುನ್ನೂರರಲ್ಲಿ ಹಾರಬಲ್ಲ ಕಾರು ಎಂಬತ್ತರಲ್ಲಿ ತೆವಳಿತು. ಪೆಟ್ರೋಲು ಉಳಿಯಲೆಂದು ಬೇಸಿಗೆಯ ಸೆಕೆಯಲ್ಲೂ ಎಸಿ ಹಾಕಿರಲಿಲ್ಲ, ಗಾಳಿ ತಡೆಯಬಾರದೆಂದು ಕಿಟಕಿಯೂ ಮುಚ್ಚಿತ್ತು. ಎದುರುಗಾಳಿಯಿಂದ ತಪ್ಪಿಸಿಕೊಳ್ಳಲು ವೆಂಡೆಲಿನ್ ಒಂದು ಹಂದಿ ಲಾರಿಯನ್ನು ಹಿಂಬಾಲಿಸಿದ. ವಾಸನೆ ಮುಚ್ಚಿದ ಕಿಟಕಿಗಳನ್ನು ಲೆಕ್ಕಿಸಲಿಲ್ಲ. ಲಾರಿಯ ಕಂಬಿಗಳ ಸಂದಿಯಿಂದ ಹಂದಿಗಳು ಕೆಂಪು ಕಾರನ್ನು ಬಹಳ ಹೊತ್ತು ನೋಡಿದವು.

"ಅವಕ್ಕೆ ನಮ್ಮ ಮೇಲೆ ಮರುಕ ಬಂದ ಹಾಗಿದೆ" ಎಂದ ಎಬರ್ಹಾರ್ಡ್, ಬೆವರಿನಲ್ಲಿ ಮಿಂದು.

ಡಬ್ಬದಂಥ ಕಾರಿನಲ್ಲಿ ಒಬ್ಬ ಅಜ್ಜಿ ಹಿಂದಿಕ್ಕಿ ಹೋದಳು. ಮಕ್ಕಳು ತುಂಬಿದ ವ್ಯಾನೊಂದು ಪಕ್ಕಕ್ಕೆ ಬಂದು, ಏನಾದರೂ ಸಹಾಯ ಬೇಕೇ ಎಂದು ಸನ್ನೆ ಮಾಡಿತು. ವೆಂಡೆಲಿನ್ ಕದಲಲಿಲ್ಲ. ಕಾಲಿನ ಹೆಬ್ಬೆರಳ ತುದಿಯಿಂದಲೇ ಪೆಡಲನ್ನು ಹಗುರವಾಗಿ ಒತ್ತಬೇಕೆಂದು ಬೂಟುಗಳನ್ನೂ ಕಳಚಿಟ್ಟಿದ್ದ. ಘಟ್ಟ ಹತ್ತುವಾಗ ಹನ್ನೊಂದಕ್ಕೆ ಏರಿದ್ದ ಮುಳ್ಳು, ವಾಪಸು ಇಳಿಯುವಾಗ ಒಂಬತ್ತಾಯಿತು, ಎಂಟಾಯಿತು, ಊರಿನ ಗೋಪುರ ಕಂಡಾಗ ಏಳರ ಕೆಳಗೆ ಜಾರಿತು. ವೆಂಡೆಲಿನ್‌ನ ಕಣ್ಣು ತುಂಬಿತು. ಎಬರ್ಹಾರ್ಡ್ ಮುಳ್ಳಿನತ್ತ ಬಗ್ಗಿ ಕಣ್ಣುಜ್ಜಿಕೊಂಡ.

ಬಂಕಿಗೆ ಬಂದಾಗ ಸಂಜೆ. ವೆಂಡೆಲಿನ್ ಕೊಳವೆಯನ್ನು ಟ್ಯಾಂಕಿಗಿಟ್ಟ. 'ಟಕ್' ಎಂದು ಪಂಪು ತಾನಾಗಿಯೇ ನಿಂತಿತು: ಆರು ಮುಕ್ಕಾಲು ಲೀಟರ್. ಗೆದ್ದಾಗಿತ್ತು! ಕೊಳವೆಯನ್ನು ಗೂಟಕ್ಕೆ ಸಿಕ್ಕಿಸುವುದೊಂದೇ ಬಾಕಿ.

ಆಗ ಅವನು ತಲೆಯೆತ್ತಿದ. ದರದ ಫಲಕ ಕಣ್ಣಿಗೆ ಬಿತ್ತು. ಪೆಟ್ರೋಲು ಇಳಿದಿತ್ತು. ಅಂಥಿಂಥ ಇಳಿತವಲ್ಲ, ಚಳಿಗಾಲದಿಂದ ಈಚೆಗೆ ಇಷ್ಟು ಅಗ್ಗವಾಗಿದ್ದೇ ಇಲ್ಲ.

ಮುಂದಿನದನ್ನು ಮಾಡಿದ್ದು ಅವನ ಕೈ. ಅಗ್ಗದ ಪೆಟ್ರೋಲನ್ನು ಟ್ಯಾಂಕಿನ ಗಂಟಲ ತನಕ ತುಂಬಿಸುವುದು ಆ ಕೈಗೆ ಬಾಳಿನುದ್ದದ ಅಭ್ಯಾಸ. ಮತ್ತೊಮ್ಮೆ ಒತ್ತಿದ: ಟಕ್. ಒಳಗಿನ ಗಾಳಿ ಹೊರಡಲೆಂದು ಸೊಂಟದಿಂದ ಕಾರನ್ನು ಅಲುಗಿಸಿ ಮತ್ತೆ ಒತ್ತಿದ: ಟಕ್. ಕೊಳವೆಯನ್ನು ಹೆಗಲಿಗೇರಿಸಿ, ಹಸುವಿನ ಕೆಚ್ಚಲನ್ನು ಹಿಂಡುವಂತೆ ಕೊನೆಯ ಹನಿಯನ್ನೂ ಹಿಂಡಿದ. ಎಬರ್ಹಾರ್ಡ್ ಬೆನ್ನ ಹಿಂದೆ ಕೈಕಟ್ಟಿ, ಉಸಿರು ಬಿಗಿಹಿಡಿದು ನಿಂತಿದ್ದ. ಟ್ಯಾಂಕಿನ ಬಾಯಲ್ಲಿ ಪೆಟ್ರೋಲು ಮಿನುಗಿದ ಮೇಲೆ ವೆಂಡೆಲಿನ್ ಮುಚ್ಚಳ ತಿರುಗಿಸಿ, ವಿಜಯಿಯಾಗಿ ಪಂಪಿನತ್ತ ನೋಡಿದ.

ಏಳೂವರೆ.

"ಇದು ಲೆಕ್ಕಕ್ಕಿಲ್ಲ. ಮೊದಲೇ ನಿಂತಿತ್ತು."

"ಪಂಪು ನಿಂತಿತ್ತು. ನೀನು ನಿಲ್ಲಲಿಲ್ಲ" ಎಂದ ಎಬರ್ಹಾರ್ಡ್. "ಎರಡನೇ ಸಲ ಹಿಡಿದದ್ದೇ ಲೆಕ್ಕ ಅಂದವನೂ ನೀನೇ."

"ಸಾಕು ಅಂತ ಒಂದು ಮಾತು ಹೇಳಬಾರದಿತ್ತಾ ಭಾವ?"

"ಅಗ್ಗದ ಪೆಟ್ರೋಲು ತುಂಬಿಸ್ತಿರೋವಾಗ ನಮ್ಮೂರಿನವನನ್ನ ಯಾರಾದರೂ ತಡೆಯೋಕಾಗುತ್ತಾ ಮಾರಾಯ?"

ಕಾರನ್ನು ಮಾರಿಬಿಟ್ಟರೆ ಮೆಟ್ಟಿಲಿನಿಂದ ಬಿಡುಗಡೆ ಎಂದು ಹಲವರು ಸೂಚಿಸಿದರು. ವೆಂಡೆಲಿನ್ ಕೇಳಲಿಲ್ಲ. ಶನಿವಾರ ಹೊಸ ಪೊರಕೆ ಕೊಂಡು ತಂದು, ಭಾವನ ಮಹಡಿಯಿಂದ ಆರಂಭಿಸಿ ಧೂಳೆಬ್ಬಿಸುತ್ತ ಇಳಿದ. ಮೇಲೆ ಎಬರ್ಹಾರ್ಡ್ ಸೇಬಿನ ಕಡುಬು ತಿನ್ನುತ್ತ, ಬಿದ್ದ ಪುಡಿಯನ್ನು ಉದಾರವಾಗಿ ಮೆಟ್ಟಿಲಿಗೆ ಕೊಡವುತ್ತಿದ್ದ.

ರೋಸ್ವಿತಾ ತಮ್ಮ ಬಾಗಿಲಿಗೊರಗಿ ನಿಂತು ನೋಡಿದಳು. "ಎರಡು ಮನೆ ಪಾಲು ಗುಡಿಸೋದು. ಆ ಪೊರಕೆ ಎಷ್ಟು ದಿನ ಬರುತ್ತೆ?"

"ಮೂರು ವರ್ಷ" ಎಂದ ವೆಂಡೆಲಿನ್, ಸೊಂಟ ನೆಟ್ಟಗೆ ಮಾಡಿಕೊಂಡು. "ಕಂಪನಿಯವರು ಹಿಡಿಯ ಮೇಲೆ ಅಚ್ಚು ಹಾಕಿಸಿದ್ದಾರೆ."

ಪ್ರಯಾಣದ ಕಥೆಯನ್ನೆಲ್ಲ ಅಣ್ಣನ ಬಾಯಿಂದ ಕೇಳಿದ್ದ ರೋಸ್ವಿತಾ ಅವನ ಬೂಟುಗಳತ್ತ ಬೆರಳು ತೋರಿಸಿದಳು.

"ಹಂಗಾದರೆ ಬೂಟು ಕಳಚಿಟ್ಟು ನಿಧಾನಕ್ಕೆ ಗುಡಿಸು" ಎಂದಳು.